ಗಿಟಾರ್ ಅಪ್ ಸ್ಟ್ರೋಕ್‌ನಲ್ಲಿ ಪಿಕ್ (ತಂತಿ ಮೀಟೋ ಸಣ್ಣ ಬಿಲ್ಲೆ) ಸಿಕ್ಕಾಕೊಳ್ತಿದೆ, ಕಾರ್ಡ್ ಚೇಂಜ್ ಬಂದ್ರೆ ಕೈ ನಿಂತೇ ಹೋಗುತ್ತೆ, ಏನ್ ಮಾಡ್ಲಿ?

ಹೊಸಬ:
ನಮಸ್ಕಾರ ಎಲ್ರಿಗೂ. ಅಕೌಸ್ಟಿಕ್ ಗಿಟಾರ್ ಕಲೀತಿದೀನಿ, ಜಿ, ಸಿ, ಡಿ, ಇ ಮೈನರ್ ನಾಲ್ಕು ಕಾರ್ಡೂ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಕ್ಲೀನಾಗಿ ಬರುತ್ತೆ, ಬರೀ ಡೌನ್, ಅಂದ್ರೆ ಮೇಲಿಂದ ಕೆಳಗೆ, ಹೊಡೆದ್ರೆ ಏನೂ ತೊಂದ್ರೆ ಇಲ್ಲ. ಆದ್ರೆ ಡೌನ್ ಡೌನ್ ಅಪ್ ಅಪ್ ಡೌನ್ ಅಪ್ ಅಂತ ಎಲ್ರೂ ಹೇಳ್ಕೊಡ್ತಾರಲ್ಲ, ಅದನ್ನ ಹಿಡಿದ್ರೆ ಮಧ್ಯದ ಎರಡು ಅಪ್ ಹತ್ರ ಬಂದು ಎಡವ್ತೀನಿ, ಪಿಕ್ ತಂತಿಗೆ ಸಿಕ್ಕಾಕೊಂಡು ಟಕ್ ಅನ್ನುತ್ತೆ, ಇನ್ನು ಕಾರ್ಡ್ ಬದಲಾಯಿಸೋ ಟೈಮಲ್ಲಂತೂ ಬಲಗೈ ನಿಂತ್ಬಿಟ್ಟು ಎಡಗೈಗೋಸ್ಕರ ಕಾಯ್ತಾ ಇರುತ್ತೆ. ಪಿಕ್ ಚೇಂಜ್ ಮಾಡ್ಬೇಕಾ ಅಥವಾ ನನ್ ಕೈಯೇ ಹಿಂಗಾ?

ಆರುತಂತಿ:
ಕೈಯಲ್ಲಿ ಏನೂ ತಪ್ಪಿಲ್ಲ ಗುರು, ಲೆಕ್ಕ ತಪ್ಪಿರೋದು. ನೀವು ಆ ಪ್ಯಾಟರ್ನ್‌ನ ಆರು ಏಟು ಅಂತ ಬಾಯಿಪಾಠ ಮಾಡ್ಕೊಂಡಿದೀರ ಅನ್ಸುತ್ತೆ. ಅದು ಆರಲ್ಲ, ಎಂಟು. 4/4ರಲ್ಲಿ, ಅಂದ್ರೆ ನಾಲ್ಕು ಬೀಟಿನ ತಾಳದಲ್ಲಿ, ಒಂದ್ ಅಂಡ್ ಎರಡ್ ಅಂಡ್ ಮೂರ್ ಅಂಡ್ ನಾಲ್ಕ್ ಅಂಡ್ ಅಂತ ಎಣಿಸಿ, ನಂಬರ್ ಬಂದಾಗೆಲ್ಲ ಕೈ ಕೆಳಗೆ, ಅಂಡ್ ಬಂದಾಗೆಲ್ಲ ಮೇಲೆ, ಇದು ಯಾವತ್ತೂ ಬದಲಾಗಲ್ಲ. ಎಂಟರಲ್ಲಿ ಎರಡು ಸಲ ಕೈ ತಂತಿ ಮುಟ್ಟದೆ ಗಾಳೀಲಿ ಹೋಗುತ್ತೆ: ಮೊದಲ್ನೇ ಅಂಡ್, ಆಮೇಲೆ ಮೂರು. ನೀವು ಎಡವ್ತಿರೋ ಜಾಗ ಅದೇ ಮೂರು. ಎರಡು ಅಪ್ ಮಧ್ಯೆ ಕೈ ಸದ್ದಿಲ್ದೆ ಕೆಳಗೆ ಬರ್ಲೇಬೇಕು, ನೀವು ಅದನ್ನ ಅಲ್ಲೇ ಮೇಲೆ ನಿಲ್ಸಿ ಎರಡನೇ ಅಪ್‌ಗೆ ಗಡಿಬಿಡೀಲಿ ಕೆಳಗೆ ತಂದು ಎಳೀತಿದೀರ, ಪಿಕ್ ಸಿಕ್ಕಾಕೊಳ್ಳೋದಕ್ಕೆ ಅರ್ಧ ಕಾರಣ ಇದು.

ಎಡಗೈಯನ್ನ ಒತ್ತದೆ ತಂತಿಗಳ ಮೇಲೆ ಸುಮ್ನೆ ಇಡಿ, ಕಾರ್ಡ್ ಬೇಡ, ಬರೀ ಚಕ್ ಚಕ್ ಸದ್ದು ಬರ್ಲಿ. ಮೆಟ್ರೋನೋಮ್ (ಟಿಕ್ ಟಿಕ್ ಅಂತ ತಾಳ ಕೊಡೋದು) 60ಕ್ಕೆ, ಅಂದ್ರೆ ನಿಮಿಷಕ್ಕೆ 60 ಬೀಟ್‌ಗೆ, ಇಟ್ಟು ಮೊದಲು ಎಂಟೂ ಹೊಡೀರಿ, ಅದು ಬೋರ್ ಆಗೋ ಮಟ್ಟಕ್ಕೆ ಬಂದ್ಮೇಲೆ ಆ ಎರಡನ್ನ ಬಿಡ್ತಾ ಹೋಗಿ, ಆದ್ರೆ ಕೈ ಮಾತ್ರ ನಿಲ್ಲಿಸ್ಬೇಡಿ.

ಹೊಸಬ:
ಅಯ್ಯೋ ಹೌದು, ಮೂರಕ್ಕೆ ನಿಲ್ಲಿಸ್ತಾನೇ ಇದ್ದೆ 😅 ಮ್ಯೂಟ್ ಮಾಡಿ ಹೊಡೆದ್ರೆ ಪ್ಯಾಟರ್ನ್ ಬರ್ತಿದೆ ಈಗ. ಆದ್ರೂ ಅಪ್ ಹೊಡೆದಾಗ ಆಗಾಗ ಸಿಕ್ಕಾಕೊಳ್ಳುತ್ತೆ, ಸೌಂಡೂ ಡೌನ್‌ಗಿಂತ ಜೋರು.

ಲಯಗಾರ:
ಅಪ್‌ನಲ್ಲಿ ಆರೂ ತಂತಿ ಹೊಡೀತಿದೀರ ಅಲ್ವಾ? ಬೇಡ. ಕೆಳಗಿನ ಸಣ್ಣ ತಂತಿಗಳು, ಅಂದ್ರೆ 1, 2, ಜಾಸ್ತಿ ಅಂದ್ರೆ 3, ಅಷ್ಟು ಸವರ್ಕೊಂಡು ಆಚೆ ಬಂದ್ರೆ ಸಾಕು. ಇನ್ನೊಂದು, ಪಿಕ್‌ನ ತುದಿ ಬೆರಳಿಂದ ಸ್ವಲ್ಪವೇ ಹೊರಗಿರ್ಲಿ, ಅರ್ಧ ಪಿಕ್ ಆಚೆ ಚಾಚ್ಕೊಂಡಿದ್ರೆ ತಂತಿ ಒಳಗೆ ಇಳಿದು ಕೊಕ್ಕೆ ಹಾಕುತ್ತೆ. ಕೆಳಗೆ ಬರೋವಾಗ ತುದಿ ಚೂರು ಮೇಲ್ಮುಖ, ಮೇಲೆ ಹೋಗೋವಾಗ ಚೂರು ಕೆಳಮುಖ, ಹಿಡಿತ ಸಡಿಲ ಇದ್ರೆ ಇದು ತಾನಾಗೇ ಆಗುತ್ತೆ. ಮಣಿಕಟ್ಟು ಒದ್ದೆ ಕೈ ಕೊಡವಿದ ಹಾಗೆ ತಿರುಗ್ಬೇಕು, ಮೊಣಕೈಯಿಂದ ಇಡೀ ತೋಳು ಎತ್ತಿ ಹೊಡೀಬೇಡಿ.

ಪಿಕ್ ವಿಷ್ಯಕ್ಕೆ ಬಂದ್ರೆ, 1 ಎಂಎಂ ಥರದ ದಪ್ಪದ್ದು ಇದ್ರೆ ಸದ್ಯಕ್ಕೆ ಪಕ್ಕಕ್ಕಿಟ್ಟು 0.46 ಅಥವಾ 0.6 ತಗೊಳ್ಳಿ, ಬಾಗುತ್ತೆ, ತಪ್ಪುಗಳನ್ನ ಕ್ಷಮಿಸುತ್ತೆ.

ಆರುತಂತಿ:
ಕ್ಷಮಿಸುತ್ತೆ ಅನ್ನೋದೇ ನನ್ ತಕರಾರು 😀 ತೆಳು ಪಿಕ್‌ನಲ್ಲಿ ಬಿಗಿಯಾಗಿ ಹಿಡಿದಿರೋದು ಗೊತ್ತೇ ಆಗಲ್ಲ. ನಾನಾದ್ರೆ 0.7 ಆಸುಪಾಸು ಹೇಳ್ತೀನಿ. ಇರ್ಲಿ, ಇದಕ್ಕೆ ಜಗಳ ಬೇಡ.

ಕಾರ್ಡ್ ಚೇಂಜ್ ಇನ್ನೂ ಉಳಿದಿದೆ ಅಲ್ವಾ. ಕೊನೇ ಅಪ್ ಇದ್ಯಲ್ಲ, ನಾಲ್ಕರ ಅಂಡ್, ಅಲ್ಲೇ ಎಡಗೈ ಎತ್ತಿಬಿಡಿ. ಓಪನ್, ಅಂದ್ರೆ ಒತ್ತದೇ ಇರೋ, ತಂತಿಗಳು ಕೇಳ್ಸುತ್ತೆ, ಕೇಳ್ಸ್ಲಿ, ಅದು ಬಹಳ ಹಾಡಲ್ಲಿ ಹಾಗೇ ಇರುತ್ತೆ, ಯಾರೂ ಬೇಜಾರ್ ಮಾಡ್ಕೊಳಲ್ಲ. 60ರಲ್ಲಿ ಆ ಒಂದು ಸ್ಟ್ರೋಕ್ ಅಂದ್ರೆ ಅರ್ಧ ಸೆಕೆಂಡ್, ಜಿ ಇಂದ ಸಿ ಗೆ ಹೋಗೋಕೆ ಮೊದಮೊದ್ಲು ಅದು ಸಾಲ್ದಿದ್ರೂ ಪರವಾಗಿಲ್ಲ, ಬೆರಳು ಅರ್ಧ ಕೂತಿದ್ರೂ ಮುಂದಿನ ಒಂದಕ್ಕೆ ಡೌನ್ ಹೊಡೆದ್ಬಿಡಿ. ಕಾರ್ಡ್ ಕೆಟ್ರೆ ಕೇಳೋರಿಗೆ ಅಷ್ಟಾಗಿ ಗೊತ್ತಾಗಲ್ಲ, ಲಯ ನಿಂತ್ರೆ ಮಾತ್ರ ಮಗೂಗೂ ಗೊತ್ತಾಗುತ್ತೆ.

ಹೊಸಬ:
ಟ್ರೈ ಮಾಡ್ದೆ, ಜಿ ಸಿ ಮಧ್ಯೆ ಕೈ ನಿಲ್ತಿಲ್ಲ! ಆದ್ರೆ ಡಿ ಗೆ ಹೋದ್ರೆ ಸೌಂಡ್ ಗುಂಯ್ ಅಂತ ಮಬ್ಬಾಗಿ ಬರುತ್ತೆ, ಯಾಕೆ?

ಲಯಗಾರ:
ದಪ್ಪ 6ನೇ ತಂತಿ ಸೇರ್ಕೊಳ್ತಿದೆ. ಡಿ ಗೆ 4ರಿಂದ ಕೆಳಗೆ ಹೊಡೀಬೇಕು, ಸಿ ಗೆ 5ರಿಂದ, ಜಿ ಮತ್ತು ಇ ಮೈನರ್‌ಗೆ ಮಾತ್ರ ಆರೂ. 5ನೇದು ತಾಗಿದ್ರೆ ಡಿ ನಲ್ಲಿ ಅಷ್ಟೇನೂ ಕೆಡಲ್ಲ, ಆರನೇದೇ ವಿಲನ್. ಎಡಗೈ ಹೆಬ್ಬೆರಳನ್ನ ನೆಕ್ (ಗಿಟಾರಿನ ಉದ್ದನೆ ಕತ್ತು) ಮೇಲಿಂದ ಚೂರು ಬಗ್ಗಿಸಿ ಅದಕ್ಕೆ ತಾಗಿಸಿ ಇಟ್ರೆ ಹೊಡೆದ್ರೂ ಸದ್ದು ಬರಲ್ಲ. ಹೆಬ್ಬೆರಳು ಎಟಕ್ದೇ ಇದ್ರೆ ಗುರಿ ಇಟ್ಟು ಹೊಡೆಯೋದನ್ನೇ ಕಲೀರಿ, ನಿಧಾನಕ್ಕೆ ಬರುತ್ತೆ.