ಯುದ್ಧವೇ ಇಲ್ಲದ ರಕ್ಕಸಿ ಕಥೆ, ನಮ್ಮ ಕಡೆ ಬರೆದರೆ ನಿಲ್ಲುತ್ತದಾ?

ಕಾನಂಚಿನ ಮನೆ (ಹೊಸನಗರ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸಣ್ಣದು, ಆದರೆ ಹಿಂದಿನ ಕಥೆ ಹೇಳದೆ ಕೇಳಲು ಬರುವುದಿಲ್ಲ. ಸ್ವಲ್ಪ ಪುರುಸೊತ್ತು ಮಾಡಿಕೊಂಡು ಓದಿ.

ಹೋದ ಸಲ ಕೊನೆ ಕೊಯ್ಲಿನ ಹೊತ್ತಲ್ಲಿ, ರಾತ್ರಿ ಅಡಿಕೆ ಸುಲಿಯುವಾಗ, ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಂದು ಇಂಗ್ಲಿಷ್ ಕಾದಂಬರಿ ಕೇಳುತ್ತಿದ್ದೆ. ‘ಲೆಜೆಂಡ್ಸ್ ಅಂಡ್ ಲಾಟೆಸ್’ ಅಂತ, ಟ್ರಾವಿಸ್ ಬಾಲ್ಡ್ರೀ ಬರೆದದ್ದು, 2022ರಲ್ಲಿ ಬಂದದ್ದು. ಅವರು ಆಡಿಯೋ ಪುಸ್ತಕ ಓದುವುದನ್ನೇ ಕಸುಬು ಮಾಡಿಕೊಂಡಿದ್ದವರು, ಇದನ್ನೂ ಅವರೇ ಓದಿದ್ದಾರೆ. ಹೊಡೆದಾಟ ಕಮ್ಮಿ ಇದ್ದು ಮನಸ್ಸಿಗೆ ಬೆಚ್ಚಗೆ ಅನ್ನಿಸುವ ಇಂಥ ಮಾಯಾಲೋಕದ ಕಥೆಗಳಿಗೆ ಈಗ ‘ಕೋಜಿ ಫ್ಯಾಂಟಸಿ’ ಅನ್ನುತ್ತಾರೆ. ವಿವ್ ಅಂತ ಒಬ್ಬಳು ರಕ್ಕಸಿ. ವರ್ಷಗಟ್ಟಲೆ ಹೊಡೆದಾಡಿ ಸಾಕಾಗಿದೆ. ಒಂದು ಊರಿಗೆ ಬಂದು ಹಳೇ ಕುದುರೆ ಲಾಯ ಕೊಂಡು ಕಾಫಿ ಅಂಗಡಿ ಇಡುತ್ತಾಳೆ. ಆ ಊರಲ್ಲಿ ಕಾಫಿ ಅಂದರೇನು ಅಂತಲೇ ಗೊತ್ತಿಲ್ಲ. ಬಡಗಿ ಒಬ್ಬ ಸಿಗುತ್ತಾನೆ. ಕೈಜೋಡಿಸಲು ಒಬ್ಬಳು ಗೆಳತಿ ಸಿಗುತ್ತಾಳೆ. ಆಮೇಲೆ ಒಂದು ಇಲಿ ಬರುತ್ತದೆ, ಮನುಷ್ಯರ ಹಾಗೆ ನಿಂತು ಚಕ್ಕೆ ಹಾಕಿದ ಸಿಹಿ ಬನ್ನು ಸುಡುವ ಇಲಿ. ಅದಕ್ಕೆ ಮಾತು ತುಂಬಾ ಕಮ್ಮಿ.

“ಒಬ್ಬಳೇ ನಗ್ತೀಯಲ್ಲೇ, ನಮಗೂ ಹೇಳು” ಅಂದರು ಅತ್ತೆ. ಸರಿ, ದಿನಾ ರಾತ್ರಿ ಒಂದಿಷ್ಟು ಕನ್ನಡದಲ್ಲಿ ಹೇಳತೊಡಗಿದೆ. ನಾವು ಏಳು ಜನ ಹೆಂಗಸರು, ಏಳು ಮೆಟ್ಟುಗತ್ತಿ, ನಡುವೆ ಅಡಿಕೆ ರಾಶಿ. ಡಬ್ಬದ ಲೆಕ್ಕದ ಕೆಲಸ, ಕೈ ನಿಲ್ಲಿಸುವ ಹಾಗಿಲ್ಲ. ಮೊದಲ ದಿನ ಯಾರೂ ಏನೂ ಅನ್ನಲಿಲ್ಲ. ಎರಡನೇ ದಿನ ಒಬ್ಬರು ಕೇಳಿದರು: “ದಿನಕ್ಕೆ ಎಷ್ಟು ಲೀಟರ್ ಹಾಲು ಬೇಕಾಗ್ತದೆ ಅವಳಿಗೆ?” ಇನ್ನೊಬ್ಬರು: “ಅಲ್ಲಾ, ಅಷ್ಟು ಜನ ಬಂದರೆ ಲೋಟ ತೊಳೆಯೋರು ಯಾರು?” ನಾಲ್ಕನೇ ದಿನದಿಂದ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಕೇಳುತ್ತಿದ್ದರು: “ಇಲಿ ಇವತ್ತು ಏನು ಮಾಡ್ತು?”

ನಮ್ಮ ಅಟ್ಟದಲ್ಲಿ ಇಲಿ ಕಂಡರೆ ಪೊರಕೆ ಹಿಡಿಯುವವರು ಇವರೇ. ಆ ಕಥೆಯ ಇಲಿಗೆ ಮಾತ್ರ ಅಷ್ಟು ಪ್ರೀತಿ. ನನಗೆ ಅದನ್ನು ಮರೆಯಲು ಆಗಿಲ್ಲ.

ಕಥೆ ಮುಗಿದ ದಿನ ಅತ್ತೆ “ಇಂಥದ್ದೇ ಇನ್ನೊಂದು ಹೇಳು, ನಮ್ಮ ಊರಿಂದು” ಅಂದರು. ಅವತ್ತಿನಿಂದ ತಲೆಯಲ್ಲಿ ಅದೇ. ಆಗುಂಬೆ ಘಾಟಿ ಹತ್ತಿ ಬಂದ ಒಬ್ಬಳು ರಕ್ಕಸಿ, ಒಂದು ಹಳೇ ಕೊಟ್ಟಿಗೆ, ಅದರಲ್ಲಿ ಕಡುಬು ಮತ್ತು ಕಷಾಯದ ಹೋಟೆಲು. ಎರಡು ವಿಷಯ ಕೇಳಬೇಕಿತ್ತು. ಮೊದಲನೆಯದು, ಹೊಡೆದಾಟ ಇಲ್ಲದೆ ಕಥೆ ನಿಲ್ಲುತ್ತದಾ? ನಮ್ಮ ಭಾವ ಯಕ್ಷಗಾನ ಆಟದ ಹುಚ್ಚಿನವರು. “ರಾಕ್ಷಸ ಅಂದ ಮೇಲೆ ಬೆಳಗಿನ ಜಾವಕ್ಕೆ ವಧೆ ಆಗಬೇಕು” ಅನ್ನುತ್ತಾರೆ. ಎರಡನೆಯದು, ಹೋಟೆಲಿಗೆ ಬರುವ ಗಿರಾಕಿಗಳು ಯಾರು? ಚೌಡಿ, ಭೂತ ಎಲ್ಲ ನಮ್ಮಲ್ಲಿ ಇದ್ದಾರೆ, ಆದರೆ ಅವರಿಗೆ ನಾವು ಪೂಜೆ ಕೊಡುತ್ತೇವೆ. ಅವರನ್ನು ಬೆಂಚಿನ ಮೇಲೆ ಕೂರಿಸಿ ಕಷಾಯ ಕೊಡುವುದು ಸರಿಯಾ?

ತುಂಗೆ ದಡ (ಶಿವಮೊಗ್ಗ)

ತಂಗಿ, ಮೊದಲನೇ ಪ್ರಶ್ನೆಗೆ ಉತ್ತರ ನಿಮ್ಮ ಬರಹದಲ್ಲೇ ಇದೆ. “ಲೋಟ ತೊಳೆಯೋರು ಯಾರು” ಅಂತ ಕೇಳಿದರಲ್ಲ, ಅವರು ಆ ಅಂಗಡಿಯೊಳಗೆ ಹೋಗಿ ನಿಂತಿದ್ದರು. ಕಥೆ ನಿಲ್ಲಲು ಇನ್ನೇನು ಬೇಕು?

ನನ್ನದೊಂದು ನೆನಪು ಹೇಳುತ್ತೇನೆ. ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆಯ ಹಳ್ಳಿ, ಮೂವತ್ತು ವರ್ಷ ಮೇಷ್ಟ್ರಾಗಿದ್ದು ಈಗ ಪೇಟೆಯಲ್ಲಿದ್ದೇನೆ. ನನಗೆ ಒಂಬತ್ತು ವರ್ಷ ಇರಬೇಕು. ಪುಷ್ಯ ಮಳೆ ಹಿಡಿದು ನಾಲ್ಕೈದು ದಿನ ಆಗಿತ್ತು. ಒಂದು ಬೆಳಗ್ಗೆ ಎದ್ದರೆ ಒಲೆಯಲ್ಲಿ ಕೆಂಡ ಆರಿದೆ. ಬೆಂಕಿಪೊಟ್ಟಣ ಥಂಡಿ ಹಿಡಿದು ಕಡ್ಡಿ ಗೀರಿದರೆ ಮದ್ದೇ ಉದುರುತ್ತದೆ. ಅಮ್ಮ ಕೈಗೊಂದು ಗೆರಟೆ, ಅಂದರೆ ತೆಂಗಿನ ಚಿಪ್ಪು, ಕೊಟ್ಟು ಆಚೆಮನೆಯಿಂದ ಬೆಂಕಿ ತಾ ಅಂದರು. ಆಚೆಮನೆ ಅಂದರೆ ಗದ್ದೆ ದಾಟಬೇಕು, ಹಳ್ಳದ ಮೇಲಿನ ಮರದ ಸಂಕ ದಾಟಬೇಕು. ಅವರ ಮನೆಗೂ ನಮ್ಮ ಮನೆಗೂ ಬೇಲಿ ವಿಷಯಕ್ಕೆ ಎರಡು ವರ್ಷದಿಂದ ಮಾತಿರಲಿಲ್ಲ. ಆ ಮನೆಯ ಅಜ್ಜಿ ನನ್ನ ಮುಖ ನೋಡಿದರು, ಗೆರಟೆ ನೋಡಿದರು. ಏನೂ ಕೇಳದೆ ಕೆಂಡ ಹಾಕಿಕೊಟ್ಟರು. ಸುಟ್ಟ ಹಲಸಿನ ಬೀಜ ನಾಲ್ಕು ಜೇಬಿಗೆ ಹಾಕಿದರು. ಬರುವಾಗ ಮಳೆಗೆ ತಲೆ ಮೇಲೆ ಹಾಕಿಕೊಂಡ ಗೊರಬಿನೊಳಗೆ ಗೆರಟೆಯನ್ನು ಎದೆಗೆ ಹಿಡಿದುಕೊಂಡು ಸಂಕ ದಾಟಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಕೆಂಡ ಆರದೆ ಮನೆ ಮುಟ್ಟುತ್ತದಾ ಅನ್ನುವ ಭಯ ಇತ್ತಲ್ಲ, ಅಷ್ಟು ದೊಡ್ಡ ಭಯ ನಾನು ಯಾವ ಯುದ್ಧದ ಕಥೆಯಲ್ಲೂ ಓದಿಲ್ಲ.

ಮಾತು ಅವತ್ತೇ ಶುರು ಆಗಲಿಲ್ಲ. ಆದರೆ ಆ ವರ್ಷದ ಭೂಮಿ ಹುಣ್ಣಿಮೆಗೆ ಅವರ ಮನೆಯಿಂದ ಕಡುಬು ಬಂತು. ನಿಮ್ಮ ರಕ್ಕಸಿಗೂ ಇಂಥದ್ದೊಂದು ಕೊಡಿ.

ಊದುಗೊಳವೆ (ಊರು ಸಾಗರ, ಈಗ ಬೆಂಗಳೂರು)

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ಅಕ್ಕ. ಮಳೆ, ಮಂಜು, ಬಿಸಿ ಕಷಾಯ ಅಂತ ಬರೆಯುತ್ತಾ ಹೋದರೆ ಅದು ಹೋಮ್‌ಸ್ಟೇ ಜಾಹೀರಾತು ಆಗಿಬಿಡುತ್ತದೆ. ನಮ್ಮ ಅಮ್ಮ ಹಸಿ ಸೌದೆಗೆ ಊದುಗೊಳವೆ ಹಿಡಿದು ಊದಿ ಊದಿ ಕಣ್ಣು ಕೆಂಪು ಮಾಡಿಕೊಳ್ಳುತ್ತಿದ್ದುದನ್ನು ನಾನು ನೋಡಿದ್ದೇನೆ. ನಾವು ಮಕ್ಕಳು ಬಚ್ಚಲೊಲೆ ಮುಂದೆ ಚಳಿ ಕಾಯಿಸುತ್ತಾ ಕೂತಿರುತ್ತಿದ್ದೆವು. ಆ ಬೆಚ್ಚಗೆ ಯಾರದೋ ಕೈಯಿಂದ ಬರುತ್ತಿತ್ತು.

ಅದಕ್ಕೇ ಆ ಕಾದಂಬರಿ ನನಗೂ ಇಷ್ಟ ಆಯಿತು. ರಕ್ಕಸಿ ಕೂತು ಉಪದೇಶ ಮಾಡುವುದಿಲ್ಲ, ಮರ ಎತ್ತುತ್ತಾಳೆ, ಗುಡಿಸುತ್ತಾಳೆ. ಗೆಳೆತನ ಆಗುವುದು ಜೊತೆಗೆ ಕೆಲಸ ಮಾಡುವಾಗ. ಅಡಿಕೆ ಸುಲಿಯುವ ಚಾಪೆಯ ಮೇಲೂ ಹಾಗೇ ಅಲ್ವಾ? ನಿಮ್ಮ ಹೋಟೆಲಿನಲ್ಲಿ ರಕ್ತ ಹೀರುವ ಉಂಬಳ ಇರಲಿ, ಹೊಗೆ ಇರಲಿ, ಒಣಗದ ಬಟ್ಟೆ ವಾಸನೆ ಇರಲಿ. ಊದುಗೊಳವೆ ಕೈಯಿಂದ ಕೈಗೆ ಹೋಗಲಿ. ಆಗ ಕಷಾಯದ ಒಂದು ಗುಟುಕಿಗೆ ಬೆಲೆ ಬರುತ್ತದೆ.

ಅಂದ ಹಾಗೆ ಕೋಜಿ ಅನ್ನುವುದಕ್ಕೆ ನಾವು ‘ಬಚ್ಚಲೊಲೆ ಕಥೆ’ ಅನ್ನಬಹುದು. ನಮ್ಮ ಕಡೆಯವರಿಗೆ ತಕ್ಷಣ ಗೊತ್ತಾಗುತ್ತದೆ.

ಚಿತ್ತಾರದ ಬುಟ್ಟಿ (ಸಾಗರ)

ಎರಡನೇ ಪ್ರಶ್ನೆಗೆ ನಾನು ಹೇಳುತ್ತೇನೆ. ಚೌಡಿಯನ್ನು ಕಥೆಗೆ ತರಬೇಡಿ. ನಮ್ಮ ಊರಲ್ಲಿ ಚೌಡಿ ಮರದ ಹತ್ತಿರ ಬಂದರೆ ಚಿಕ್ಕ ಮಕ್ಕಳೂ ಚಪ್ಪಲಿ ಬಿಡುತ್ತಾರೆ. ಯಾರೋ ದಿನಾ ಕೈ ಮುಗಿಯುವುದನ್ನು ನಾವು ಪಾತ್ರ ಮಾಡಬಾರದು ಅನ್ನಿಸುತ್ತದೆ. ಬೇರೆ ದಾರಿ ಬೇಕಾದಷ್ಟಿದೆ.

ನಿಮ್ಮ ಇಲಿಯನ್ನೇ ತೆಗೆದುಕೊಳ್ಳಿ. ಅದು ಹೊರಗಿನದಲ್ಲ. ಭೂಮಿ ಹುಣ್ಣಿಮೆಗೆ ನಮ್ಮ ದೀವರ ಮನೆಗಳಲ್ಲಿ ವಾರದ ಮೊದಲೇ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತೇವೆ. ರಾತ್ರಿಯೆಲ್ಲ ಅಡುಗೆ. ಬೆಳಕು ಹರಿಯುವ ಮೊದಲು ಬುಟ್ಟಿ ಹೊತ್ತು ಗದ್ದೆಗೆ ಹೋಗುತ್ತೇವೆ. ಆಗ ಬತ್ತ ಹೊಡೆ ತುಂಬಿರುತ್ತದೆ, ಭೂಮಿತಾಯಿ ಬಸುರಿ, ಅವಳಿಗೆ ಬಯಕೆ ಊಟ. ನಮ್ಮ ಮನೆಯಲ್ಲಿ ಎಡೆ ಇಡುವಾಗ ಕಾಗೆಗೂ ಇಲಿಗೂ ಪಾಲು ತೆಗೆಯುತ್ತಾರೆ. ಚಿಕ್ಕವಳಿದ್ದಾಗ “ಬತ್ತ ತಿನ್ನೋ ಇಲಿಗೆ ನಾವ್ಯಾಕೆ ಊಟ ಕೊಡಬೇಕು” ಅಂತ ಅಜ್ಜಿಯನ್ನು ಕೇಳಿದ್ದೆ. “ಅದೂ ಇದೇ ಗದ್ದೇದು” ಅಂದಿದ್ದರು, ಅಷ್ಟೇ.

ಮತ್ತೆ ಹೋಟೆಲಿಗೆ ದೀಪ ಬೇಕಲ್ಲ? ಮಳೆಗಾಲದಲ್ಲಿ ಕಾನಿನೊಳಗೆ ಕೊಳೆತ ಕಡ್ಡಿಗಳು ರಾತ್ರಿ ಹಸಿರಾಗಿ ಹೊಳೆಯುತ್ತವೆ. ಅದು ಒಂದು ಜಾತಿ ಶಿಲೀಂಧ್ರದ ಬೆಳಕು. ಟಾರ್ಚ್ ಆರಿಸಿ ಸುಮ್ನೆ ಸ್ವಲ್ಪ ಹೊತ್ತು ನಿಂತರೆ ಕಣ್ಣಿಗೆ ಕಾಣುತ್ತದೆ. ಇಲಿ ಅಂಥ ಕಡ್ಡಿ ಆಯ್ದು ತಂದು ಹೋಟೆಲಿನ ಸೂರಿಗೆ ಸಿಕ್ಕಿಸಬಹುದು.

ಗಿರಿಯ ಕೆಳಗೆ (ಚಿಕ್ಕಮಗಳೂರು)

ಕಷಾಯ ಸರಿ, ಆದರೆ ಒಂದು ಹಂಡೆ ಕಾಫಿಯೂ ಇರಲಿ. ಕಾಫಿ ಗೊತ್ತಿಲ್ಲದ ಊರಿಗೆ ಕಾಫಿ ಬಂದ ಕಥೆ ನಮ್ಮದೇ ಅಲ್ವಾ? 17ನೇ ಶತಮಾನದಲ್ಲಿ ಬಾಬಾ ಬುಡನ್ ಯೆಮನ್ನಿನ ಮೋಖಾದಿಂದ ಏಳು ಬೀಜ ತಂದು ಈ ಗಿರಿಯಲ್ಲಿ ನೆಟ್ಟರು ಅಂತ ಹೇಳುತ್ತಾರೆ. ಏಳು ಮೆಟ್ಟುಗತ್ತಿ ಅಂತ ಓದಿದಾಗ ನನಗೆ ಅದೇ ನೆನಪಾಯಿತು. ಬೆಲ್ಲದ ಕಾಫಿ ಮಾಡಿಸಿ, ಸಕ್ಕರೆ ಬೇಡ.

ಕಾನಂಚಿನ ಮನೆ (ಹೊಸನಗರ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ನಿಮ್ಮ ಗೆರಟೆಯ ಮಾತನ್ನು ಅತ್ತೆಗೆ ಓದಿ ಹೇಳಿದೆ. ಅವರು ಕೆಲಸ ಬಿಟ್ಟು ಕೇಳಿದರು. ಚೌಡಿಯನ್ನು ಬಿಟ್ಟೆ. ವಧೆಯನ್ನೂ ಬಿಟ್ಟೆ. ನಿನ್ನೆ ರಾತ್ರಿ ಕರೆಂಟ್ ಇಲ್ಲದಾಗ ಶುರು ಮಾಡಿದ್ದು ಇಷ್ಟು:

“ಕೊಟ್ಟಿಗೆಗೆ ಬಂದ ಮೊದಲ ರಾತ್ರಿಯೇ ಅವಳ ಒಲೆ ಆರಿತು. ಗುಡ್ಡ ಒಡೆಯುವ ಕೈ ಅವಳದ್ದು, ಆದರೆ ಹಸಿ ಸೌದೆ ಯಾರ ಕೈಗೂ ಹೆದರುವುದಿಲ್ಲ. ಬೆಳಗ್ಗೆ ಗೆರಟೆ ಹಿಡಿದು ಕೆಳಗಿನ ಮನೆಗೆ ಹೋದಳು. ಬಾಗಿಲು ಅವಳ ಸೊಂಟದವರೆಗೆ ಬರುತ್ತಿತ್ತು. ಬಗ್ಗಿ ನೋಡಿದಳು. ಒಳಗಿದ್ದ ಮುದುಕಿ ಕಿರುಚಲಿಲ್ಲ. ಗೆರಟೆ ನೋಡಿ, ‘ಸಣ್ಣದಾಯ್ತಲ್ಲೇ ನಿನ್ನ ಕೈಗೆ’ ಅಂದಳು. ಹಿಂದೆ ಹೋಗಿ ದೊಡ್ಡ ಗೆರಟೆ ಹುಡುಕಿ ತಂದಳು. ವಾಪಸ್ ಬರುವಾಗ ಸಂಕದ ತುದಿಯಲ್ಲಿ ಒಂದು ಇಲಿ ಒದ್ದೆಯಾಗಿ ಕೂತಿತ್ತು. ಕೆಂಡ ನೋಡಿತು. ಏನೂ ಹೇಳದೆ ಅವಳ ಹಿಂದೆ ನಡೆಯಿತು.”

ಇಲ್ಲಿಗೆ ನಿಲ್ಲಿಸಿದ್ದೇನೆ. ನಮ್ಮ ಮನೆಗೆ ಗ್ಯಾಸ್ ಬಂದ ಮೇಲೆ ಬೆಂಕಿ ತರಲು ಹೋದವರೇ ಇಲ್ಲ. ಮೇಷ್ಟ್ರೇ, ಗೆರಟೆ ಸುಡುತ್ತಿರಲಿಲ್ಲವಾ? ಹೇಗೆ ಹಿಡಿಯುತ್ತಿದ್ದಿರಿ? ಅದು ಸರಿಯಾಗಿ ಗೊತ್ತಾಗದೆ ಅವಳನ್ನು ಸಂಕ ದಾಟಿಸಲು ಮನಸ್ಸು ಬರುತ್ತಿಲ್ಲ.

ತುಂಗೆ ದಡ (ಶಿವಮೊಗ್ಗ)

ಅಡಿಗೆ ಒಂದು ಹಿಡಿ ಬೂದಿ. ಅದರ ಮೇಲೆ ಕೆಂಡ, ಎರಡು ಮೂರು ಸಾಕು. ಮೇಲೆ ಮತ್ತೆ ತೆಳ್ಳಗೆ ಬೂದಿ. ಕೈ ಬೆಚ್ಚಗಾಗುತ್ತದೆ, ಸುಡುವುದಿಲ್ಲ. ಓಡಬಾರದು, ಗಾಳಿಗೆ ಕೆಂಡ ಬೇಗ ಉರಿದು ಹೋಗುತ್ತದೆ. ಸಂಕದ ಮೇಲೆ ನಡುವೆ ನಿಲ್ಲಬಾರದು. ಇಲಿಯನ್ನು ಮುಂದೆ ಬಿಡಿ ತಂಗಿ, ಜಾರುವ ಜಾಗ ಅದಕ್ಕೆ ಗೊತ್ತಿರುತ್ತದೆ.