ಪದಚರ್ಚೆ: ‘ಹಾಜರ್‌ಪಣ್’, ‘ಉದಾರ್‌ಪಣ್’ – ಆಗಮನ ಕಾಲದ ಫಲಕಕ್ಕೆ ಕನ್ನಡ ಬೇಕು (ತುರ್ತು)

ಕಾರವಾರದಿಂದ

ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಇಗರ್ಜಿಗೆ (ಚರ್ಚಿಗೆ) ಆಗಮನ ಕಾಲದ, ಅಂದರೆ ಕ್ರಿಸ್‌ಮಸ್ ಹಬ್ಬಕ್ಕೆ ಕಾಯುವ ದಿನಗಳ (ಅಡ್ವೆಂಟ್) ಫಲಕ ಆಗಬೇಕು. ಎಂಟಡಿ ಅಗಲ, ಮೂರಡಿ ಎತ್ತರ, ಎರಡೇ ಸಾಲು. ಮೂಲ ಕೊಂಕಣಿಯಲ್ಲಿದೆ. ದೇವರ ‘ಹಾಜರ್‌ಪಣ್’ ಮತ್ತು ‘ಉದಾರ್‌ಪಣ್’ ನಂಬಿಕೊಂಡು ಹಬ್ಬದವರೆಗೆ ಕಾಯೋಣ ಎಂಬುದು ಅದರ ಅರ್ಥ.

ನನ್ನ ಕರಡು: “ದೇವರ ಉಪಸ್ಥಿತಿ ಹಾಗೂ ಔದಾರ್ಯದ ಮೇಲೆ ಅವಲಂಬಿತರಾಗೋಣ”.

ಓದಿದರೆ ತಾಲೂಕು ಕಚೇರಿಯ ಸುತ್ತೋಲೆ ಕಂಡ ಹಾಗೆ ಆಗುತ್ತದೆ. ಈ ಕಾಲದ ಮೊದಲ ಭಾನುವಾರ ಈ ವರ್ಷ (2025) ನವೆಂಬರ್ 30. ಫ್ಲೆಕ್ಸಿನವರಿಗೆ ನಾಳೆ ಸಂಜೆಯೊಳಗೆ ಕೊಡಬೇಕು.

ಶಿರಸಿಯಿಂದ

‘ಉಪಸ್ಥಿತಿ’ ತೆಗೆಯಿರಿ. ಅದು ಆಮಂತ್ರಣ ಪತ್ರಿಕೆಯಲ್ಲಿ ಅಧ್ಯಕ್ಷರ ಕೆಳಗೆ ಹೆಸರು ಬರುವವರಿಗೆ ಇಟ್ಟ ಪದ. ‘ಅವಲಂಬಿತ’ ರೇಷನ್ ಕಾರ್ಡಿನದು. ‘ಹಾಜರ್’ ಅಂತೂ ಅರಬ್ಬಿ. ‘ದೇವರ ಹಾಜರಿ’ ಎಂದು ಬರೆದರೆ ಪಟ್ಟಿ ಹಿಡಿದು ಹೆಸರು ಕೂಗಿದ ಹಾಗೆ.

ಅಚ್ಚಗನ್ನಡದಲ್ಲಿ ‘ನೆಚ್ಚು’ ಇದೆ, ಅದಕ್ಕಿಂತ ಒಳ್ಳೆಯದು ‘ನೆಮ್ಮು’: ಒರಗು, ಆತುಕೋ. ಉದಾರತನಕ್ಕೆ ‘ಕೊಡುಗೈ’, ಆಗಮನಕ್ಕೆ ‘ಬರವು’. ಆಗ ಸಾಲು ಹೀಗೆ: “ಬರವಿನ ಕಾಲ: ದೇವರ ಇರವನ್ನೂ ಕೊಡುಗೈಯನ್ನೂ ನೆಮ್ಮೋಣ”. ಸಂಸ್ಕೃತ ಒಂದಕ್ಷರವಿಲ್ಲ.

ಹೊನ್ನಾವರದಿಂದ

ಶಿರಸಿ ಮಾಸ್ತರೇ, ‘ದೇವರು’ ಎಲ್ಲಿಯದು, ಸಂಸ್ಕೃತವಲ್ಲವೇ? ಅದನ್ನೂ ತೆಗೆದರೆ ಫಲಕದಲ್ಲಿ ಏನು ಉಳಿಯಿತು?

‘ಬರವಿನ ಕಾಲ’ವನ್ನು ರಸ್ತೆಯಲ್ಲಿ ಹೋಗುವವರು ‘ಬರದ ಕಾಲ’ ಎಂದೇ ಓದುತ್ತಾರೆ. ಪರಿಹಾರದ ಅರ್ಜಿ ಎಲ್ಲಿ ಕೊಡಬೇಕೆಂದು ಇಗರ್ಜಿಗೆ ಬಂದು ಕೇಳಿಯಾರು. ‘ಆಗಮನ ಕಾಲ’ ಕಥೋಲಿಕರ ಕನ್ನಡದಲ್ಲಿ ಕೂತುಬಿಟ್ಟ ಪದ. ಆದರೆ ‘ಆಗಮನ’ ಒಂದನ್ನೇ ದೊಡ್ಡದಾಗಿ ಬರೆದರೆ ರೈಲು ನಿಲ್ದಾಣದ ಫಲಕ, ಪಕ್ಕದಲ್ಲಿ ‘ನಿರ್ಗಮನ’ ಹುಡುಕುವ ಹಾಗಾಗುತ್ತದೆ. ‘ಕಾಲ’ ಬಿಡಬೇಡಿ. ‘ಕ್ರಿಸ್‌ಮಸ್ ಸಿದ್ಧತೆ’ ಎಂದು ಬದಲಿಸುವುದೂ ತಪ್ಪು. ಡಿಸೆಂಬರ್ 16ರ ತನಕ ಪೂಜೆಯ ಒತ್ತು ಕ್ರಿಸ್ತರ ಎರಡನೆಯ ಬರುವಿಕೆಯ ಮೇಲೆ. ಜನನದ ಕಡೆ ತಿರುಗುವುದು 17ರಿಂದ 24ರವರೆಗೆ.

ಈಗ ‘ಹಾಜರ್‌ಪಣ್’. ‘ಇರವು’ ಆಗುವುದಿಲ್ಲ, ಅದು ಅಸ್ತಿತ್ವ. ದೇವರಿದ್ದಾನೋ ಇಲ್ಲವೋ ಎಂಬ ವಾದಕ್ಕೆ ಬೇಕಾದ ಪದ. ಇಲ್ಲಿ ಹೇಳಬೇಕಾದ್ದು ‘ನಮ್ಮ ಜೊತೆಗೆ ಇರುವುದು’. ಬೈಬಲಿನ ಯೆಶಾಯ 7:14ರ ‘ಇಮ್ಮಾನುವೇಲ್’ ಹೆಸರನ್ನು ಮತ್ತಾಯ 1:23 ಬಿಡಿಸುವುದೇ ಹಾಗೆ: ದೇವರು ನಮ್ಮೊಡನೆ. ಪೂಜೆಯ ಪಾಠಗಳಲ್ಲಿ ಈ ವರ್ಷ ಮತ್ತಾಯನ ಶುಭಸಂದೇಶದ ಸರದಿ. ನಾಲ್ಕನೆಯ ಭಾನುವಾರ, ಡಿಸೆಂಬರ್ 21ರಂದು, ಇವೆರಡೂ ಪಾಠ ಒಟ್ಟಿಗೇ ಬರುತ್ತವೆ. ಫಲಕದಲ್ಲಿ ‘ಒಡನೆ’ ಇದ್ದರೆ ಅವತ್ತು ಕೇಳಿದವರಿಗೆ ಕೊಂಡಿ ತಾನೇ ಸಿಗುತ್ತದೆ. ‘ಪ್ರಸನ್ನತೆ’ ಇಗರ್ಜಿಯೊಳಗೆ ನಡೆಯುತ್ತದೆ. ಹೊರಗಿನವರಿಗೆ ದೇವರು ಖುಷಿಯಾಗಿದ್ದಾರೆ ಎಂದಷ್ಟೇ. ‘ಸಾನ್ನಿಧ್ಯ’ ಒಳ್ಳೆಯ ಪದವೇ, ಆದರೆ ಘಟ್ಟದ ಮೇಲೆ ಮಠದ ಪತ್ರಿಕೆಯ ‘ದಿವ್ಯ ಸಾನ್ನಿಧ್ಯ’ ನೆನಪಾಗುತ್ತದೆ, ಮತ್ತೆ ಹತ್ತರಲ್ಲಿ ಎಂಟು ಕಡೆ ಒಂದು ‘ನ’ ನುಂಗಿ ‘ಸಾನಿಧ್ಯ’ ಮಾಡುತ್ತಾರೆ.

‘ಭರವಸೆ’ ಯಾರೂ ಹೇಳಲಿಲ್ಲ, ಒಳ್ಳೆಯದಾಯಿತು. ಕೊಂಕಣಿಯ ‘ಭರ್ವಸೊ’ ಇನ್ನೂ ನಂಬಿಕೆಯೇ. ಕನ್ನಡದಲ್ಲಿ ಅದು ಚುನಾವಣೆಗೆ ಹೋಗಿ ಕೆಟ್ಟಿತು. ‘ದೇವರ ಭರವಸೆ’ ಎಂದರೆ ನಾವು ಇಟ್ಟದ್ದೋ ಅವರು ಕೊಟ್ಟದ್ದೋ?

‘ನೆಚ್ಚು’ ಮಾತ್ರ ಸರಿ. ಮಳೆ ನೆಚ್ಚಿಕೊಂಡ ಗದ್ದೆ ಎನ್ನುತ್ತೇವೆ. ಬೇರೆ ನೀರಿಲ್ಲ, ಕಣ್ಣು ಆಕಾಶಕ್ಕೆ. ಮೂಲದ ಅರ್ಥ ಅಷ್ಟೇ ಗಟ್ಟಿ. ದ್ವಿತೀಯೆ ಹಚ್ಚಿ, ‘ಮೇಲೆ’ ಬೇಡ.

ಶಿರಸಿಯಿಂದ

‘ನೆಮ್ಮು’ ಏಕೆ ಬೇಡ ಎಂಬುದಕ್ಕೆ ಉತ್ತರ ಬರಲಿಲ್ಲ. ನಡುಗನ್ನಡದವರೆಗೂ ಬದುಕಿದ್ದ ಪದ. ನಾವು ಬಳಸದಿದ್ದರೆ ಇನ್ನು ಯಾರು ಬಳಸುವುದು?

ಹೊನ್ನಾವರದಿಂದ

ನಿಘಂಟು ಮಾಡುವಾಗ ಬಳಸಿ. ಬಸ್ಸಿನಿಂದ ನೋಡುವವನಿಗೆ ಮೂರು ಸೆಕೆಂಡು ಸಿಗುತ್ತದೆ. ‘ನೆಮ್ಮೋಣ’ವನ್ನು ‘ನಮ್ಮೋಣ’ ಮಾಡಿ ಮುಂದೆ ಹೋಗುತ್ತಾನೆ.

ಅಂಕೋಲೆಯಿಂದ

ಮಾಸ್ತರು ಬೆಳಗಾದರೆ ಚಾವಿ ತಿರುಗಿಸಿ, ಬಟಾಟೆ ಪಲ್ಯ ಉಣ್ಣುತ್ತಾರೆ. ಎರಡೂ ಪೋರ್ಚುಗೀಸ್. ‘ಇಗರ್ಜಿ’, ‘ಪಾದ್ರಿ’, ಕ್ರಿಸ್‌ಮಸ್ಸಿಗೆ ಹೇಳುವ ‘ನತಾಲ್’ ಬಂದದ್ದೂ ಅದೇ ಹಡಗಿನಲ್ಲಿ. ಕರಾವಳಿಯ ಕನ್ನಡದಲ್ಲಿ ಮಡಿ ಹುಡುಕಿ ಪ್ರಯೋಜನವಿಲ್ಲ.

ಶಿರಸಿಯಿಂದ

ಬಟಾಟೆ ಊರಿಗೆ ಬಂದಾಗ ಅದಕ್ಕೆ ಹೆಸರಿರಲಿಲ್ಲ, ಹೆಸರೂ ಜೊತೆಗೇ ಬಂತು. ಕೊಡುವುದಕ್ಕೂ ನಂಬುವುದಕ್ಕೂ ಕನ್ನಡದಲ್ಲಿ ಹೆಸರಿತ್ತು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಹೊನ್ನಾವರದಿಂದ

ಈ ಒಂದು ಮಾತಿಗೆ ಒಪ್ಪಿದೆ. ‘ಕೊಡುಗೈ’ ಇರಲಿ. ‘ಔದಾರ್ಯ’ದಲ್ಲಿ ಮೇಲಿನವರು ಕೆಳಗಿನವರ ಮೇಲೆ ತೋರಿಸುವ ದೊಡ್ಡಸ್ತಿಕೆ ಸ್ವಲ್ಪ ಇದೆ. ‘ಧಾರಾಳ’ ಮದುವೆ ಊಟದಲ್ಲಿ ತುಪ್ಪ ಬಡಿಸಿದ ಹಾಗೆ. ‘ವರಪ್ರಸಾದ’ಕ್ಕೆ ದೈವಶಾಸ್ತ್ರದಲ್ಲಿ ಬೇರೆಯೇ ಖಚಿತ ಅರ್ಥವಿದೆ, ಇಲ್ಲಿ ಎಳೆದು ತರಬೇಡಿ. 2 ಕೊರಿಂಥ 8:9 ಹೇಳುವುದು ಸಿರಿವಂತನಾಗಿದ್ದವನು ನಮಗೋಸ್ಕರ ಬಡವನಾದ ಎಂದು. ಗೋದಲಿಯಲ್ಲಿ ಮಲಗಿದ್ದು ಆ ಬಡತನವೇ. ಕೈ ಬರಿದಾಗುವಂತೆ ಕೊಡುವುದು ‘ಕೊಡುಗೈ’ಯಲ್ಲಿ ಕಾಣುತ್ತದೆ.

ಕುಮಟೆಯಿಂದ

ಅಚ್ಚಿನ ಕಡೆಯ ಮಾತು. ‘ಮ್ಮೊ’ದ ಒತ್ತು, ‘ಗೈ’ಯ ಐತ್ವ ಎರಡೂ ಕೆಳಗೆ ಇಳಿಯುತ್ತವೆ. ಅವು ಮೊದಲ ಸಾಲಿನಲ್ಲಿದ್ದರೆ ಸಾಲುಗಳ ನಡುವೆ ಅರ್ಧ ಅಕ್ಷರದಷ್ಟು ಜಾಗ ಹೆಚ್ಚು ಬಿಡಿ, ಇಲ್ಲವಾದರೆ ಕೆಳಸಾಲಿನ ಗುಡಿಸಿಗೆ ತಾಗುತ್ತದೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಕಳಿಸಬೇಡಿ. ಅವರಲ್ಲಿ ಆ ಫಾಂಟ್ ಇಲ್ಲದಿದ್ದರೆ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ. ಕೋರೆಲ್‌ನಲ್ಲಿ ಅಕ್ಷರಗಳನ್ನು ಕರ್ವ್ (ಫಾಂಟ್ ಬೇಡದ ರೇಖಾಚಿತ್ರ) ಮಾಡಿಯೇ ಕೊಡಿ. ಈ ಕಾಲಕ್ಕೆ ನೇರಳೆ ಬಣ್ಣ ತಾನೇ? ಸಯಾನ್ ಮೆಜೆಂಟಾಗೆ ಹತ್ತಿರ ಹೋದರೆ ಫ್ಲೆಕ್ಸಿನಲ್ಲಿ ನೀಲಿಯಾಗಿ ಬರುತ್ತದೆ. ಮೆಜೆಂಟಾ 100 ಇದ್ದರೆ ಸಯಾನ್ 60 ದಾಟಿಸಬೇಡಿ.

ಕಾರವಾರದಿಂದ

ಎಲ್ಲರಿಗೂ ಉಪಕಾರ. ಹೀಗೆ ಕೊಡುತ್ತಿದ್ದೇನೆ:

ನಮ್ಮೊಡನಿರುವ ದೇವರು, ಕೊಡುಗೈ ದೇವರು
ಅವರನ್ನೇ ನೆಚ್ಚಿ ಕಾಯೋಣ

ಮೇಲೆ ಸಣ್ಣದಾಗಿ ‘ಆಗಮನ ಕಾಲ, ನವೆಂಬರ್ 30 – ಡಿಸೆಂಬರ್ 24’. ‘ನಾಲ್ಕು ವಾರ’ ಎಂದು ಹಾಕಲಿಲ್ಲ, ಭಾನುವಾರ ನಾಲ್ಕಾದರೂ ಈ ಸಲ ದಿನ ಇಪ್ಪತ್ತೈದೇ. ‘ಅವರನ್ನೇ’ ಬದಲು ‘ಆತನನ್ನೇ’ ಬೇಕೆನ್ನುವವರು ಇದ್ದಾರೆಯೇ?

ಶಿರಸಿಯಿಂದ

ಜನ ಕಷ್ಟದಲ್ಲಿ ‘ದೇವರಿದ್ದಾನೆ ಬಿಡು’ ಅನ್ನುತ್ತಾರೆ, ‘ದೇವರಿದ್ದಾರೆ ಬಿಡಿ’ ಅನ್ನುವುದಿಲ್ಲ. ಏಕವಚನ ಹಾಕಿ.

ಹೊನ್ನಾವರದಿಂದ

ಪ್ರಾಟೆಸ್ಟೆಂಟರ ಹಳೆಯ ಸತ್ಯವೇದದಲ್ಲಿ ಏಕವಚನ, ಕಥೋಲಿಕರ ಪೂಜೆಯಲ್ಲಿ ಬಹುವಚನ. ಫಲಕ ಯಾರ ಗೋಡೆಗೆ ಎಂದು ನೋಡಿ. ‘ಅವರನ್ನೇ’ ಇರಲಿ.