ಎಂಆರ್‌ಪಿ ಒಳಗಿದ್ದರೆ ಸಾಕಾ? ರ್ಯಾಕಿನ ಚೀಟಿಯಲ್ಲಿ ಒಂದು ರೇಟು, ಬಿಲ್ಲಿನಲ್ಲಿ ಇನ್ನೊಂದು

ಕ್ಯಾರಿಯರ್ ಊಟ, ಮೈಸೂರು:

ನಾನು ಮನೆಯಲ್ಲೇ ಅಡುಗೆ ಮಾಡಿ ಕ್ಯಾರಿಯರ್ ಊಟ ಕಳಿಸುವವಳು. ಬೇಳೆ, ಎಣ್ಣೆ, ಸೋಪು ಎಲ್ಲ ಬೇರೆ ಮನೆಗಳಿಗಿಂತ ಜಾಸ್ತಿ ಬೇಕು. ಹಾಗಾಗಿ ಒಂದು ದೊಡ್ಡ ಸೂಪರ್ ಮಾರ್ಕೆಟ್‌ನಲ್ಲೇ ಸಾಮಾನು ತರುತ್ತೇನೆ. ಹೆಸರು ಬೇಡ ಬಿಡಿ.

ಈ ಸಲ ತೊಗರಿಬೇಳೆ ರ್ಯಾಕಿನಲ್ಲಿ ಹಳದಿ ಚೀಟಿ ಇತ್ತು. 1 ಕೆಜಿ, ಎಂಆರ್‌ಪಿ 189, ನಮ್ಮ ಬೆಲೆ 142. ನಾಲ್ಕು ಪ್ಯಾಕೆಟ್ ತಗೊಂಡೆ. ಬಿಲ್ಲಿನಲ್ಲಿ ನೋಡಿದರೆ 156ರ ಲೆಕ್ಕ. ನಾಲ್ಕಕ್ಕೆ 56 ರೂಪಾಯಿ ಜಾಸ್ತಿ. ಕೌಂಟರಿನ ಹುಡುಗಿಯನ್ನು ಕೇಳಿದೆ. "ಮೇಡಂ, ಎಂಆರ್‌ಪಿಗಿಂತ ಕಮ್ಮಿನೇ ಹಾಕಿದ್ದೀವಲ್ಲ" ಅಂದಳು. ನನ್ನ ಹಿಂದೆ ನಿಂತಿದ್ದವರು ಆಗಲೇ ಗೊಣಗಲು ಶುರು ಮಾಡಿದ್ದರು. ಆಮೇಲೆ ಮ್ಯಾನೇಜರ್ ಬಂದು "ಆಫರ್ ನಿನ್ನೆಗೇ ಮುಗೀತು, ಚೀಟಿ ತೆಗೆಯೋಕೆ ಹುಡುಗರು ಮರೆತಿದ್ದಾರೆ" ಅಂದರು. ಮರೆತದ್ದು ಅವರ ಹುಡುಗರು, ದುಡ್ಡು ಕೊಡಬೇಕಾದ್ದು ನಾನು!

ಇದೊಂದೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಎಣ್ಣೆಯ 5 ಲೀಟರ್ ಕ್ಯಾನಿಗೆ "ಮೆಗಾ ಉಳಿತಾಯ, 1050ರದ್ದು ಬರೀ 849" ಅಂತ ಬೋರ್ಡು ನೇತುಹಾಕಿದ್ದಾರೆ. ಪಕ್ಕದಲ್ಲೇ ಅದೇ ಕಂಪನಿಯ 1 ಲೀಟರ್ ಪ್ಯಾಕೆಟ್ 162. ಐದು ಪ್ಯಾಕೆಟ್ ತಗೊಂಡರೆ 810! ಉಳಿತಾಯ ಅಂತ ಕ್ಯಾನ್ ಹೊತ್ತುಕೊಂಡು ಹೋದವರಿಗೆ 39 ರೂಪಾಯಿ ಕೈಬಿಟ್ಟಿತು. ಪಾತ್ರೆ ತೊಳೆಯುವ ಲಿಕ್ವಿಡ್‌ಗೆ "1 ಕೊಂಡರೆ 1 ಉಚಿತ" ಅಂತ ಚೀಟಿ. ಬಿಲ್ಲಿನಲ್ಲಿ ಎರಡಕ್ಕೂ ದುಡ್ಡು ಬಿದ್ದಿದೆ. ಅದು ಸಣ್ಣ ಬಾಟಲಿಗೆ ಮಾತ್ರವಂತೆ, ಚೀಟಿ ಮಾತ್ರ ದೊಡ್ಡ ಬಾಟಲಿ ಕೆಳಗಿತ್ತು.

ನನ್ನ ಪ್ರಶ್ನೆ ಇಷ್ಟೇ. ಎಂಆರ್‌ಪಿ ದಾಟದಿದ್ದರೆ ಅಂಗಡಿಯವರು ಚೀಟಿಯಲ್ಲಿ ಒಂದು ಬರೆದು ಬಿಲ್ಲಿನಲ್ಲಿ ಇನ್ನೊಂದು ಹಾಕಬಹುದಾ? ಕಾನೂನು ಗೊತ್ತಿದ್ದವರು, ಇಂಥ ಕಡೆ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಜಾಲಿ ರೈಡರ್:

56 ರೂಪಾಯಿಗೆ ಇಷ್ಟುದ್ದ ಬರೆಯಬೇಕಾ ಅಕ್ಕಾ? ಹೋಗಲಿ ಬಿಡಿ.

ಕೌಂಟರ್ 3, ದಾವಣಗೆರೆ:

ನಾನು ಇಂಥದೇ ಒಂದು ಅಂಗಡಿಯಲ್ಲಿ ಬಿಲ್ಲಿಂಗ್ ಕೆಲಸ ಮಾಡಿದವನು. ಒಳಗೆ ಏನಾಗುತ್ತೆ ಹೇಳ್ತೀನಿ.

ರೇಟು ಇರೋದು ಕಂಪ್ಯೂಟರಿನಲ್ಲಿ. ಅದನ್ನು ಹೆಡ್ ಆಫೀಸಿನವರು ರಾತ್ರಿ ಬದಲಿಸುತ್ತಾರೆ. ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಕೌಂಟರಿನಲ್ಲಿ ಹೊಸ ರೇಟು ಬಂದಿರುತ್ತೆ. ಆದರೆ ಚೀಟಿ ತಾನಾಗಿ ಬದಲಾಗಲ್ಲ. ಪ್ರಿಂಟ್ ತೆಗೆದು, ಕತ್ತರಿಸಿ, ರ್ಯಾಕಿಗೆ ಹೋಗಿ ಹಳೇದು ಎಳೆದು ಹೊಸದು ತೂರಿಸಬೇಕು. ಎರಡೇ ಹುಡುಗರು, ನೂರಾರು ಚೀಟಿ. ಜೊತೆಗೆ ಲಾರಿಯಿಂದ ಮಾಲು ಇಳಿಸೋದೂ ಅವರೇ. ಮಧ್ಯಾಹ್ನದವರೆಗೂ ಹಳೇ ಚೀಟಿ ಹಾಗೇ ಇರುತ್ತೆ. ನಿಮ್ಮ ಬೇಳೆ ಕಥೆ ಅದೇ ಇರಬೇಕು. ಒಂದು ಮಾತು ಮಾತ್ರ ಹೇಳಲೇಬೇಕು. ಆಫರ್ ಶುರುವಾಗುವ ದಿನದ ಚೀಟಿ ಯಾವತ್ತೂ ತಡವಾಗಲ್ಲ, ಮುಗಿಯುವ ದಿನದ್ದೇ ತಡ. ಅದಕ್ಕೆ ಯಾರೂ ಮೇಲಿನಿಂದ ಫೋನ್ ಮಾಡಲ್ಲ.

ಇನ್ನೊಂದು ತಾಪತ್ರಯ ಇದೆ, ಹೊರಗಿನವರಿಗೆ ಗೊತ್ತಾಗಲ್ಲ. ಕಂಪನಿಯವರು ಎಂಆರ್‌ಪಿ ಬದಲಿಸಿದರೂ ಬಾರ್‌ಕೋಡ್ ಎಷ್ಟೋ ಸಲ ಹಳೇದೇ ಇರುತ್ತೆ. ರ್ಯಾಕಿನಲ್ಲಿ ಹಳೇ ಮಾಲು, ಹೊಸ ಮಾಲು ಒಟ್ಟಿಗೆ. ಸ್ಕ್ಯಾನ್ ಮಾಡಿದ ತಕ್ಷಣ ಪರದೆ ಮೇಲೆ ಸಣ್ಣ ಪಟ್ಟಿ ಬರುತ್ತೆ: 172, 165, 158. ಪ್ಯಾಕೆಟ್ ತಿರುಗಿಸಿ ಅದರ ಮೇಲಿನ ಎಂಆರ್‌ಪಿ ನೋಡಿ ಸರಿಯಾದದ್ದನ್ನು ಒತ್ತಬೇಕು. ಸಂಜೆ ಕ್ಯೂ ಬಾಗಿಲವರೆಗೆ ಇರುವಾಗ ಯಾರು ತಿರುಗಿಸ್ತಾರೆ ಹೇಳಿ? ಎಂಟರ್ ಒತ್ತಿದರೆ ಮೇಲಿನದೇ ಬೀಳುತ್ತೆ. ನಮ್ಮಲ್ಲಿ ಮೇಲೆ ಇರುತ್ತಿದ್ದದ್ದು ಜಾಸ್ತಿ ರೇಟಿನದು. ಹೀಗಾದಾಗ 158ರ ಪ್ಯಾಕೆಟ್‌ಗೆ 172ರ ಬಿಲ್ ಕೂಡ ಆಗಿಬಿಡುತ್ತೆ. ಅದಂತೂ ಎಂಆರ್‌ಪಿ ದಾಟಿದ ಹಾಗೇ.

ಲಿಕ್ವಿಡ್ ವಿಷಯಕ್ಕೆ ಒಂದು ಉಪಾಯ. ಚೀಟಿಯ ಕೆಳಗಡೆ ಇರುವೆ ಸಾಲಿನ ಹಾಗೆ ಚಿಕ್ಕದಾಗಿ ನಂಬರ್ ಇರುತ್ತಲ್ಲ, ನಮ್ಮಲ್ಲಿ ಅದು ಬಾರ್‌ಕೋಡ್ ನಂಬರ್ ಆಗಿತ್ತು. ಅದರ ಕೊನೆಯ ನಾಲ್ಕು ಅಂಕಿಯನ್ನು ಬಾಟಲಿ ಹಿಂದಿನ ನಂಬರಿಗೆ ಹೋಲಿಸಿ ನೋಡಿ. ತಾಳೆ ಆಗದಿದ್ದರೆ ಆಫರ್ ಅದಕ್ಕಲ್ಲ. ಆಫರ್ ಮುಗಿಯುವ ತಾರೀಕೂ ಅಲ್ಲೇ ಎಲ್ಲೋ ಇರುತ್ತೆ.

ದಯವಿಟ್ಟು ಕೌಂಟರಿನ ಹುಡುಗಿ ಮೇಲೆ ರೇಗಬೇಡಿ. ರೇಟು ಬದಲಿಸೋ ಅಧಿಕಾರವೇ ಅವಳಿಗಿಲ್ಲ, ಸೂಪರ್‌ವೈಸರ್ ಪಾಸ್‌ವರ್ಡ್ ಹಾಕಬೇಕು. "ಎಂಆರ್‌ಪಿಗಿಂತ ಕಮ್ಮಿನೇ" ಅಂತ ಹೇಳು ಅಂತ ಮೊದಲ ವಾರದಲ್ಲೇ ನಮಗೂ ಹೇಳಿಕೊಟ್ಟಿದ್ದರು.

ಕಡೂರು ಕಿರಾಣಿ:

ನಮ್ಮದು ಸಣ್ಣ ಅಂಗಡಿ. ಮೇಡಂ ಅವರಿಗೆ ಒಂದು ಕೆಲಸ ಹೇಳ್ತೀನಿ. ಆ ಬೇಳೆ ಪ್ಯಾಕೆಟ್ ಹಿಂದೆ ಪ್ಯಾಕ್ ಮಾಡಿಸಿದವರು ಯಾರು ಅಂತ ಓದಿ. ಆ ಸೂಪರ್ ಮಾರ್ಕೆಟ್ಟಿನವರೇ ಆಗಿದ್ದರೆ 189 ಅಂತ ಬರೆದವರೂ ಅವರೇ.

ಜನ ಎಂಆರ್‌ಪಿಯನ್ನು ಸರ್ಕಾರ ಗೊತ್ತು ಮಾಡಿದ ರೇಟು ಅಂದುಕೊಂಡಿದ್ದಾರೆ. ಕೆಲವು ಔಷಧಿಗಳಿಗೆ ಸರ್ಕಾರ ಮಿತಿ ಹಾಕುತ್ತೆ, ಅದು ಬೇರೆ. ಬೇಳೆ, ಗೋಡಂಬಿ, ಬಾದಾಮಿಗೆ ಪ್ಯಾಕ್ ಮಾಡಿದವನು ಬರೆದದ್ದೇ ಎಂಆರ್‌ಪಿ. ಅರ್ಧ ಕೆಜಿ ಬಾದಾಮಿಗೆ 900 ಅಂತ ಅಚ್ಚು ಹಾಕಿ, ಅದನ್ನು ಗೀಚಿ, 450 ಅಂತ ಕೆಂಪಕ್ಷರದಲ್ಲಿ ಬರೆದರೆ ಅರ್ಧಕ್ಕರ್ಧ ರಿಯಾಯಿತಿ ಆಯಿತು. 900ಕ್ಕೆ ಅದನ್ನು ಒಬ್ಬರೂ ಕೊಂಡಿರಲ್ಲ. ನಾನು ಅದೇ ಬಾದಾಮಿಯನ್ನು 440ಕ್ಕೆ ಬಿಡಿಯಾಗಿ ತೂಗಿ ಕೊಟ್ಟರೆ "ಆಫರ್ ಇಲ್ವಾ?" ಅಂತ ಕೇಳಿ ಹೋಗ್ತಾರೆ.

ಎಣ್ಣೆಯದು ಇನ್ನೂ ಇದೆ. 1 ಲೀಟರ್ ಸೂರ್ಯಕಾಂತಿ ಎಣ್ಣೆ ಅಂದರೆ ಸುಮಾರು 910 ಗ್ರಾಂ. ಈಗ ನೋಡೋಕೆ ಅಷ್ಟೇ ದಪ್ಪದ ಪ್ಯಾಕೆಟ್‌ಗಳಲ್ಲಿ 850, 800 ಗ್ರಾಂ ಬರುತ್ತಿವೆ. ಮೊದಲು ಎಣ್ಣೆ, ಚಹಾ, ಬಿಸ್ಕತ್ತು ಎಲ್ಲ ಇಂತಿಷ್ಟೇ ತೂಕದಲ್ಲಿ ಬರಬೇಕು ಅಂತ ನಿಯಮ ಇತ್ತು, ಅದನ್ನು ತೆಗೆದುಹಾಕಿದರು. ಅದರ ಬದಲಿಗೆ ಗ್ರಾಂಗೆ ಇಷ್ಟು, ಲೀಟರಿಗೆ ಇಷ್ಟು ಅಂತ ಪ್ಯಾಕೆಟ್ ಮೇಲೆ ಹಾಕಲೇಬೇಕು, 2024ರ ಜನವರಿಯಿಂದ. ಒಳ್ಳೇದೇ. ಆದರೆ ಆ ಲೆಕ್ಕ ಎಂಆರ್‌ಪಿ ಮೇಲಿನದು. ಅಂಗಡಿಯವನ ಆಫರ್ ರೇಟಿಗೂ ಅದಕ್ಕೂ ಸಂಬಂಧ ಇಲ್ಲ. ಕ್ಯಾನ್ ಮೇಲೆ ಲೀಟರಿಗೆ 210 ಅಂತ ಇರುತ್ತೆ, 850 ಗ್ರಾಂ ಪ್ಯಾಕೆಟ್ ಮೇಲೆ ಗ್ರಾಂಗೆ 0.21 ಅಂತ ಇರುತ್ತೆ. ನಿಂತಲ್ಲೇ ಹೋಲಿಸಿ ನೋಡೋಣ! ಮೊಬೈಲ್ ತೆಗೆದು ಭಾಗಾಕಾರ ಮಾಡೋದೇ ಗತಿ.

ಹುಬ್ಬಳ್ಳಿ ಕರಿಕೋಟು:

ಗ್ರಾಹಕರ ಕೇಸುಗಳನ್ನು ನಡೆಸುತ್ತೇನೆ, ಹಾಗಾಗಿ ಬರೆಯುತ್ತಿದ್ದೇನೆ.

ಎರಡು ಕಾನೂನು ಇವೆ, ಜನ ಒಂದನ್ನೇ ಹಿಡಿದುಕೊಂಡಿದ್ದಾರೆ. ಮೊದಲನೆಯದು ತೂಕ ಮತ್ತು ಅಳತೆಯದು. 2011ರ ಪೊಟ್ಟಣ ಸಾಮಗ್ರಿಗಳ ನಿಯಮದ ಪ್ರಕಾರ ಎಂಆರ್‌ಪಿಗಿಂತ ಜಾಸ್ತಿ ತಗೊಳ್ಳುವಂತಿಲ್ಲ, ಅದರಲ್ಲಿ ಎಲ್ಲ ತೆರಿಗೆಯೂ ಸೇರಿರಬೇಕು. ಕೌಂಟರಿನ ಹುಡುಗಿ ಮಾತಾಡಿದ್ದು ಇದರ ಬಗ್ಗೆ ಮಾತ್ರ. ಎರಡನೆಯದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದರ 2(47)ನೇ ಕಲಮಿನಲ್ಲಿ ಬೆಲೆಯ ಬಗ್ಗೆ ಜನರ ದಾರಿ ತಪ್ಪಿಸುವುದು, ಮಾರುವ ಉದ್ದೇಶವೇ ಇಲ್ಲದ ರಿಯಾಯಿತಿ ದರವನ್ನು ಪ್ರಚಾರ ಮಾಡುವುದು ಎರಡೂ ಅನುಚಿತ ವ್ಯಾಪಾರ ಪದ್ಧತಿ. ಅಲ್ಲಿ ಎಂಆರ್‌ಪಿ ದಾಟಿರಬೇಕು ಅಂತ ಷರತ್ತೇ ಇಲ್ಲ. ಎಂಆರ್‌ಪಿ ಒಳಗಿದ್ದರೆ ಎಲ್ಲ ಸರಿ ಅನ್ನುವುದು ಅರ್ಧ ಸತ್ಯ.

ಅಂಗಡಿಯವರ ಪರವಾಗಿಯೂ ಒಂದು ಮಾತಿದೆ. ರ್ಯಾಕಿನ ಚೀಟಿ ಅಂದರೆ "ಬನ್ನಿ, ಕೊಳ್ಳಿ" ಅನ್ನುವ ಆಹ್ವಾನ ಅಷ್ಟೇ, ಒಪ್ಪಂದ ಆಗೋದು ಕೌಂಟರಿನಲ್ಲಿ. 1953ರ ಇಂಗ್ಲೆಂಡಿನ ಒಂದು ತೀರ್ಪನ್ನು ಕಾನೂನು ಓದುವ ಎಲ್ಲರಿಗೂ ಇದಕ್ಕೇ ಪಾಠ ಮಾಡುತ್ತಾರೆ. ಹಾಗಾಗಿ 1420ರ ಕುಕ್ಕರಿಗೆ ಕೈತಪ್ಪಿ 142 ಅಂತ ಚೀಟಿ ಬಿದ್ದರೆ "ಅದೇ ರೇಟಿಗೆ ಕೊಡಿ" ಅಂತ ಜಗಳ ಆಡಿ ಪ್ರಯೋಜನ ಇಲ್ಲ. ನಿಮ್ಮದು ಹಾಗಲ್ಲ. ಆ ಬೇಳೆಗೆ 142 ನಂಬುವಂಥ ರೇಟು, ನೀವು ಅದನ್ನು ನಂಬಿಯೇ ತಗೊಂಡಿರಿ. ಬಿಲ್ ಆಗುವ ಮೊದಲೇ ಅವರು ಹೇಳಿದ್ದರೆ ನೀವು ಅಲ್ಲೇ ಇಟ್ಟು ಬರಬಹುದಿತ್ತು.

ಇದೇ ಥರದ ಇನ್ನೊಂದು ಆಟ, "ಫ್ಲಾಟ್ 40% ಆಫ್" ಅಂತ ಬೋರ್ಡು ಹಾಕಿ ಬಿಲ್ಲಿನಲ್ಲಿ ತೆರಿಗೆ ಬೇರೆ ಸೇರಿಸೋದು. ಬಟ್ಟೆ, ಚಪ್ಪಲಿ ಅಂಗಡಿಗಳಲ್ಲಿ ನಡೀತಿತ್ತು. ಅದು ತಪ್ಪು ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2017ರಲ್ಲೇ ಹೇಳಿದೆ.

ಮೊದಲು 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ದೊಡ್ಡ ಅಂಗಡಿಗಳು ಎಷ್ಟೋ ಸಲ ಅಲ್ಲಿಗೇ ಬಗ್ಗುತ್ತವೆ. ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 5 ಲಕ್ಷದವರೆಗಿನ ಖರೀದಿಗೆ ದೂರಿನ ಶುಲ್ಕ ಇಲ್ಲ, ಇ-ಜಾಗೃತಿ ವೆಬ್‌ಸೈಟಿನಲ್ಲಿ ಮನೆಯಿಂದಲೇ ಹಾಕಬಹುದು. ಬಿಲ್ಲಿನ ರೇಟು ಎಂಆರ್‌ಪಿ ದಾಟಿದ್ದರೆ ಮಾತ್ರ ಕಾನೂನು ಮಾಪನಶಾಸ್ತ್ರ ಇಲಾಖೆಗೆ, ಅಂದರೆ ತೂಕ-ಅಳತೆ ನೋಡುವವರ ಹತ್ತಿರ ಹೋಗಿ, ಅದು ಅವರ ಕೆಲಸ.

ಚೀಟಿಯ ಫೋಟೋ ಇದೆಯಾ?

ಕ್ಯಾರಿಯರ್ ಊಟ, ಮೈಸೂರು:

ಇದೆ ಸಾರ್. ಮ್ಯಾನೇಜರ್ ಬರುವ ಮೊದಲೇ ತೆಗೆದಿದ್ದೆ. ಚೀಟಿಯಲ್ಲಿ ಮುಗಿಯುವ ತಾರೀಕು ಹುಡುಕಿದೆ, ಇಲ್ಲವೇ ಇಲ್ಲ!

ಕಡೂರಿನವರೇ, ಪ್ಯಾಕೆಟ್ ಹಿಂದೆ ಓದಿದೆ. ನೀವು ಹೇಳಿದ್ದೇ ಸರಿ, ಅವರದೇ ಪ್ಯಾಕಿಂಗ್. ಅಂದರೆ 189ನ್ನೂ ಅವರೇ ಬರೆದು, ಅದಕ್ಕಿಂತ ಕಮ್ಮಿ ತಗೊಂಡಿದ್ದೀವಿ ಅಂತ ನನಗೇ ಉಪಕಾರದ ಮಾತು ಹೇಳಿದರು! ನಾನು ತಗೊಂಡ ಎಣ್ಣೆ ಪ್ಯಾಕೆಟ್ ಮೇಲೆ 1 ಲೀಟರ್, 910 ಗ್ರಾಂ ಅಂತಲೇ ಇದೆ, ಹಾಗಾಗಿ 39ರ ಲೆಕ್ಕ ಸರಿಯಾಗೇ ಇದೆ.

ಜಾಲಿ ರೈಡರ್ ತಮ್ಮಾ, ನನಗೆ ಒಂದು ಊಟಕ್ಕೆ ಉಳಿಯೋದು ಏಳೆಂಟು ರೂಪಾಯಿ. 56 ಅಂದರೆ ಏಳು ಜನರ ಊಟ ಸುಮ್ನೆ ಮಾಡಿ ಕಳಿಸಿದ ಹಾಗೆ.

ಇನ್ನೊಂದು ಕೇಳೋದು ಮರೆತೆ. ಅದೇ ಅಂಗಡಿಯಲ್ಲಿ ಶಾಂಪೂ, ಟೂತ್‌ಪೇಸ್ಟಿಗೆ "ಹಬ್ಬದ ವಿಶೇಷ 11% ಆಫ್" ಅಂತ ಬ್ಯಾನರ್ ಹಾಕಿದ್ದರು, ಹೋದ ವರ್ಷದ ದಸರಾ ಟೈಮಿನಲ್ಲಿ. ಅದು ನಿಜವಾದ ಆಫರಾ?

ಕೌಂಟರ್ 3, ದಾವಣಗೆರೆ:

ಹೋದ ವರ್ಷ ಅಂದರೆ 2025ರದ್ದಾ? ಹಾಗಾದರೆ ಅದು ಆಫರೇ ಅಲ್ಲ. ಸೆಪ್ಟೆಂಬರ್ 22ರಿಂದ ಶಾಂಪೂ, ಪೇಸ್ಟು, ಸೋಪಿನ ಜಿಎಸ್‌ಟಿ 18ರಿಂದ 5ಕ್ಕೆ ಇಳಿಯಿತು. ತೆರಿಗೆ ಸೇರಿ 118 ಇದ್ದದ್ದು 105 ಆಗಬೇಕು. ಲೆಕ್ಕ ಹಾಕಿ, ಸರಿಯಾಗಿ 11%. ಸರ್ಕಾರ ಬಿಟ್ಟ ತೆರಿಗೆಗೆ ಇವರು ತೋರಣ ಕಟ್ಟಿದರು ಅಷ್ಟೇ.

ಕ್ಯಾರಿಯರ್ ಊಟ, ಮೈಸೂರು:

ಅಯ್ಯೋ! ಅವತ್ತು ಎರಡೆರಡು ತಂದಿದ್ದೆ.

ಇವತ್ತು 1915ಕ್ಕೆ ದೂರು ಕೊಟ್ಟೆ, ನಂಬರ್ ಕೊಟ್ಟಿದ್ದಾರೆ. ಸಂಜೆಗೇ ಅಂಗಡಿಯಿಂದ ಫೋನ್ ಬಂತು. 56 ರೂಪಾಯಿಯನ್ನು ನಮ್ಮ ಮೆಂಬರ್‌ಶಿಪ್ ಕಾರ್ಡಿಗೆ ಪಾಯಿಂಟ್ ಮಾಡಿ ಹಾಕ್ತೀವಿ ಅಂತಾರೆ. ಲಿಕ್ವಿಡ್ ಬಗ್ಗೆ ಮಾತೇ ಇಲ್ಲ. ಒಪ್ಪಿಕೊಳ್ಳಲಾ?

ಹುಬ್ಬಳ್ಳಿ ಕರಿಕೋಟು:

ಬೇಡ. ನೀವು ಕೊಟ್ಟದ್ದು ದುಡ್ಡು, ಪಾಯಿಂಟ್ ಅಲ್ಲ. ಯುಪಿಐನಲ್ಲಿ ಕೊಟ್ಟಿದ್ದರೆ ಅದೇ ಖಾತೆಗೆ ವಾಪಸ್ ಹಾಕಿ ಅಂತ ಮೆಸೇಜಿನಲ್ಲೇ ಕೇಳಿ, ಫೋನಿನಲ್ಲಿ ಬೇಡ. ಲಿಕ್ವಿಡ್‌ನ ಎರಡನೇ ಬಾಟಲಿಯನ್ನೂ ಅದೇ ದೂರಿಗೆ ಸೇರಿಸಿ, ಹೊಸದು ಹಾಕಬೇಡಿ. ಬಿಲ್ಲಿನ ಫೋಟೋ ಈಗಲೇ ತೆಗೆದಿಡಿ. ಆ ಕಾಗದದ ಅಕ್ಷರ ಅಡುಗೆಮನೆ ಬಿಸಿಗೆ ಬೇಗ ಅಳಿಸಿಹೋಗುತ್ತೆ.